ಅಕ್ಕನ ಹೊಸ ಆಲ್ಬಮ್ಮಿಗೆ ಜನ ಅಂದಿದ್ದು

ಟೇಪು ಹಿಡಿದು ನಿಂತ ದರ್ಜಿಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಇನ್ನೂ ಹುಟ್ಟಿಲ್ಲ. ಯಾವ ಗಂಡಸು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತಿದ್ದಾನೆ, ಯಾವ ಹೆಂಗಸು ತಾನು ದಪ್ಪಗಾಗಿದ್ದರೂ ಬಟ್ಟೆ ಕುಗ್ಗಿತೆಂದು ದೂರುತ್ತಿದ್ದಾಳೆ, ಅಕ್ಕನಿಗೆ ಮುಖ ನೋಡದೆಯೇ ಗೊತ್ತಾಗುತ್ತಿತ್ತು. "ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹಾಕ್ಕೊಂಡ ಮೇಲೂ ಉಸಿರಾಡಬೇಕಲ್ಲ" ಎಂದು ಬೆನ್ನ ಹಿಂದಿನಿಂದಲೇ ಅನ್ನುತ್ತಿದ್ದಳು. ಅಂಥವಳ ಮುಂದೆ ಈಗ ಕೆಲವು ವಾರಗಳಿಂದ ಊರಿಗೆ ಊರೇ ಬಂದು ಸುಳ್ಳು ಹೇಳಿ ಹೋಗುತ್ತಿತ್ತು. ಸುಳ್ಳೆಂದು ಅವಳಿಗೆ ಗೊತ್ತು. ಏನನ್ನು ಮುಚ್ಚಿಡಲು ಆ ಸುಳ್ಳು ಎಂಬುದೂ ತನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

ಅಕ್ಕ ಅಂದರೆ ಯಾರಿಗೆ ಅಕ್ಕ ಎಂದು ಕೇಳಬೇಡಿ. ಒಡಹುಟ್ಟಿದವನು ಒಬ್ಬ ತಮ್ಮ ಮಾತ್ರ. ಹಾಗೆ ಕರೆಯುವವರು ಬೀದಿ ತುಂಬ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಿಗೂ ಅವಳು ಅಕ್ಕನೇ. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ ಅವಳ ಅಂಗಡಿ. ಬಾಗಿಲ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಹಿಂದೆ ಇಸ್ತ್ರಿ ಮೇಜು, ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಕಬ್ಬಿಣದ ಸಲಾಕೆ, ಸಲಾಕೆಯ ತುಂಬ ನೇತಾಡುವ ಕೋಟುಗಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಸಂಸಾರದ ಸುದ್ದಿಗೆಲ್ಲ ಹೂಂಗುಟ್ಟುವಷ್ಟು ಕಸುಬು ಪಳಗಿತ್ತು. ಇದು ಹಗಲಿನ ಅಕ್ಕ. ಶನಿವಾರ ಸಂಜೆಯ ಅಕ್ಕನೇ ಬೇರೆ. ಆಗ ಅವಳು ಒಂದು ಸ್ಕಾ ಮತ್ತು ರೆಗ್ಗೇ ಬ್ಯಾಂಡಿನ ಹಾಡುಗಾರ್ತಿ. ತಲೆಗೂದಲು ಕಪ್ಪಿದ್ದಾಗ ಶುರುಮಾಡಿದ್ದು, ನರೆತರೂ ಬಿಟ್ಟಿರಲಿಲ್ಲ.

ಸ್ಕಾ ಗೊತ್ತಿಲ್ಲದವರಿಗೆ ಒಂದು ಮಾತು. ತಾಳ ಬೀಳುವ ಜಾಗದಲ್ಲಿ ಗಿಟಾರು ಸುಮ್ಮನಿದ್ದು, ತಾಳ ತಾಳದ ನಡುವೆ 'ಚಕ್' ಅನ್ನುತ್ತದೆ. ಬಲು ಬೇಗ, ಚಕ್ ಚಕ್ ಚಕ್ ಅಂತ. ಕೇಳಿದವರ ಮಂಡಿ ಅವರನ್ನು ಕೇಳದೆಯೇ ಮೇಲೇಳುತ್ತದೆ. ರೆಗ್ಗೇ ಅದರದೇ ಒಡಹುಟ್ಟು. ಅದೇ ಚಕ್ಕು, ಆದರೆ ಉಂಡು ಎದ್ದವನ ನಡಿಗೆ, ಅವಸರವಿಲ್ಲ. ಅಕ್ಕನ ಬ್ಯಾಂಡು ಎರಡನ್ನೂ ನುಡಿಸುತ್ತಿತ್ತು. ಜನ ಬರುತ್ತಿದ್ದುದು ಮಾತ್ರ ಸ್ಕಾ ಕೇಳಲಿಕ್ಕೆ, ಅಂದರೆ ಕುಣಿಯಲಿಕ್ಕೆ. ಕುಣಿಯುವವರಿಗೆ ಒಂದು ವೇಷವೂ ಇತ್ತು: ಕಾಲಿಗೆ ಅಂಟಿದಂಥ ಕಪ್ಪು ಪ್ಯಾಂಟು, ಗಿಡ್ಡ ಕೋಟು, ಲಾಡಿಯಷ್ಟು ಸಣ್ಣ ಟೈ, ತಲೆಗೆ ಅಂಗೈಯಗಲದ ಟೋಪಿ. ಅದನ್ನೆಲ್ಲ ಹೊಲಿಯುವವಳು ಯಾರು? ಹಾಡುವವಳೇ. ಹಿಂದೆಲ್ಲ "ಅಕ್ಕ, ಇನ್ನೊಂಚೂರು ಬಿಗಿ ಮಾಡಿ" ಎಂದು ಬರುತ್ತಿದ್ದವರು ಈಗ "ಅಕ್ಕ, ಒಂಚೂರು ಬಿಡ್ಸೋಕಾಗುತ್ತಾ" ಎಂದು ಬರುತ್ತಿದ್ದರು, ಅಷ್ಟೇ ವ್ಯತ್ಯಾಸ. ಅವಳು ಹೊಲಿಗೆ ಬಿಚ್ಚಿ ಒಳಗೆ ಮಡಚಿಟ್ಟ ಬಟ್ಟೆಯನ್ನು ತೋರಿಸಿ, "ನೀವು ಉಬ್ತೀರಿ ಅಂತ ಗೊತ್ತಿದ್ದೇ ಇಟ್ಟಿದ್ದೆ" ಎನ್ನುತ್ತಿದ್ದಳು.

ಹೀಗಿರುವಾಗ ಅಕ್ಕನ ಗಂಟಲಲ್ಲಿ ಒಂದು ಗಂಟು ಎದ್ದಿತು. ಡಾಕ್ಟರು ನೋಡಿ, ತೆಗೆಯಲೇಬೇಕು ಎಂದರು. ತೆಗೆದರು. ದೊಡ್ಡ ಕಾಯಿಲೆಯಲ್ಲ ಎಂದು ತಿಳಿದಾಗ ತಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತನಂತೆ. ಆದರೆ ಹಾಡಿನ ಬಗ್ಗೆ ಕೇಳಿದ್ದಕ್ಕೆ ಡಾಕ್ಟರು, "ಮಾತಾಡ್ತೀರಿ, ಅದಕ್ಕೇನೂ ತೊಂದರೆ ಇಲ್ಲ. ಹಾಡೋದು... ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ತಿಂಗಳುಗಟ್ಟಲೆ ಅಕ್ಕ ಪಿಸುಗುಟ್ಟಿದಳು, ಆಮೇಲೆ ಗುನುಗಿದಳು, ಆಮೇಲೆ ಇಸ್ತ್ರಿಯ ಬುಸುಬುಸು ಶಬ್ದದ ಮರೆಯಲ್ಲಿ ಮೆಲ್ಲಗೆ ಹಾಡಿದಳು. ಉಸಿರು ಮೊದಲಿನಷ್ಟು ಉದ್ದ ಬರುತ್ತಿರಲಿಲ್ಲ. ಬಟ್ಟೆ ಕಡಿಮೆ ಬಿದ್ದಾಗ ಹೇಗೆ ಅಲ್ಲಿಂದಿಲ್ಲಿಂದ ಹೊಂದಿಸುತ್ತಾಳೋ ಹಾಗೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಲೆಕ್ಕ ಹಾಕಿ ಹಾಡಲು ಕಲಿತಳು. ಹಾಗೆ ಕಲಿತು ಹಾಡಿದ್ದೇ ಈ ಹೊಸ ಆಲ್ಬಮ್ಮು. ಇಷ್ಟು ವರ್ಷ ಅಂಗೈಯಗಲದ ಚಿಕ್ಕ ರೆಕಾರ್ಡುಗಳನ್ನಷ್ಟೇ ತಂದಿದ್ದ ಬ್ಯಾಂಡು ಮೊದಲ ಸಲ ತಟ್ಟೆಯಗಲದ ದೊಡ್ಡ ರೆಕಾರ್ಡು ಮಾಡಿಸಿತ್ತು. ಅಭಿಮಾನಿಗಳೆಲ್ಲ ಹಳೆಯ ಕಾಲದವರು. ಮುಳ್ಳಿಟ್ಟು ಕೇಳಿದರೇ ಅವರಿಗೆ ಹಾಡು.

ಇಲ್ಲೊಂದು ಎಡವಟ್ಟು ಗುಣ ಹೇಳಲೇಬೇಕು. ಅಕ್ಕ ತನ್ನ ರೆಕಾರ್ಡನ್ನು ತಾನು ಒಂದು ಸಲವೂ ಕೇಳಿದವಳಲ್ಲ. ತಾನು ಹೊಲಿದ ಕೋಟನ್ನು ಬೀದಿಯಲ್ಲಿ ಕಂಡರೆ ಇಡೀ ಕೋಟು ಬಿಟ್ಟು ಸೊಟ್ಟಗಾದ ಒಂದು ಹೊಲಿಗೆಯೇ ಅವಳ ಕಣ್ಣು ಕುಕ್ಕುತ್ತಿತ್ತು; ಹಾಡಿನ ವಿಷಯದಲ್ಲೂ ಹಾಗಾದೀತೆಂದು ಕಿವಿ ಮುಚ್ಚಿಕೊಂಡಿದ್ದಳು. ಹಾಡಿ ಮುಗಿಸಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಟುಬಿಡುವಳು. ಹೇಗೆ ಬಂದಿದೆ ಎಂಬುದನ್ನು ಕೇಳುವವರೇ ಹೇಳಬೇಕು. ಈ ಸಲವಂತೂ ಕಿವಿಗೆ ಬೀಳಿಸಿಕೊಳ್ಳುವ ಧೈರ್ಯವೇ ಇರಲಿಲ್ಲ.

ತಮ್ಮನಿಗೆ ಅವಳು ಮೊದಲೇ ಹೇಳಿಟ್ಟಿದ್ದಳು. ತಮ್ಮ ಅಂಗಡಿಗಳ ಬೋರ್ಡು ಬರೆಯುವವನು, ಬ್ಯಾಂಡಿನಲ್ಲಿ ಬೇಸು ಗಿಟಾರಿನವನು. "ಜನ ಏನಂತಾರೋ ನೋಡ್ತೀನಿ. ದನಿ ಸರಿ ಇದೆ ಅಂದ್ರೆ ಬಿಡುಗಡೆ ದಿನ ಹಾಡ್ತೀನಿ. ಹೋಗಿದೆ ಅಂತ ಗೊತ್ತಾದ್ರೆ, ಅವತ್ತಿಂದ ನಾನು ಬರೀ ದರ್ಜಿ. ಬೇಜಾರು ಮಾಡ್ಕೋಬೇಡ."

"ನಾನು ಹೇಳ್ತಿದೀನಲ್ಲಕ್ಕ, ಚೆನ್ನಾಗಿದೆ!"

"ಹೆತ್ತವರಿಗೆ ಹೆಗ್ಗಣ ಮುದ್ದು. ನಿಂದು ಲೆಕ್ಕಕ್ಕಿಲ್ಲ."

ರೆಕಾರ್ಡು ಜನರ ಕೈಸೇರಿತು. ಬಿಡುಗಡೆಯ ಕಾರ್ಯಕ್ರಮ ಮುಂದಿನ ಒಂದು ಶನಿವಾರ, ಬಸ್ ಡಿಪೋ ಹಿಂದಿನ ಹಾಲಿನಲ್ಲಿ. ಕೋಟು ಬಿಡಿಸಲು, ಪ್ಯಾಂಟು ಏರಿಸಲು ಅಂಗಡಿಗೆ ಜನ ಬರತೊಡಗಿದರು. ಮೊದಲು ಬಂದವನೇ ಟೋಪಿ. ಎಷ್ಟೋ ವರ್ಷದಿಂದ ತಲೆಯ ಮೇಲಿನ ಆ ಪುಟ್ಟ ಟೋಪಿ ತೆಗೆಯದೆ ಅದೇ ಅವನ ಹೆಸರಾಗಿತ್ತು. ಬ್ಯಾಂಡಿನ ಮೊಟ್ಟಮೊದಲ ಕಾರ್ಯಕ್ರಮಕ್ಕೆ ಬಂದಿದ್ದ ಬೆರಳೆಣಿಕೆಯ ಜನರಲ್ಲಿ ಒಬ್ಬ. ಅಂದಿನಿಂದ ಅಭಿಮಾನಿಗಳ ಮುಖಂಡ, ಯಾರೂ ಆರಿಸದಿದ್ದರೂ. ಡಿಪೋದಲ್ಲಿ ಗುಮಾಸ್ತ. ಹಾಡಿನ ಬಗ್ಗೆ ಬಾಯಿ ಬಿಟ್ಟರೆ ಮುಚ್ಚಿಸುವುದೇ ಕಷ್ಟ. ಅಂಥವನು ಅವತ್ತು ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ.

"ರೆಕಾರ್ಡು ಕೇಳಿದ್ಯೇನೋ?" ಅಕ್ಕ ಪಿನ್ನು ಕಚ್ಚಿಕೊಂಡೇ ಕೇಳಿದಳು.

"ಕೇಳ್ದೆ ಅಕ್ಕ. ಬಹಳ... ಗಂಭೀರವಾಗಿದೆ."

ಗಂಭೀರವಂತೆ! ಸ್ಕಾ ಹಾಡಿಗೆ ಗಂಭೀರ ಅನ್ನುವುದೂ ಒಂದೇ, ಮದುವೆ ಹುಡುಗಿಯನ್ನು ನೋಡಿಬಂದು 'ಓದುಬರಹ ಚೆನ್ನಾಗಿದೆ' ಅನ್ನುವುದೂ ಒಂದೇ. ಅಕ್ಕ ಬಾಯಿಂದ ಪಿನ್ನು ತೆಗೆದಳು. "ಇನ್ನೇನಾದ್ರೂ?" ಎಂದಳು. "ಪ್ರಬುದ್ಧವಾಗಿದೆ" ಎಂದು ಸೇರಿಸಿ, ಕೋಟು ಅಲ್ಲೇ ಬಿಟ್ಟು ಟೋಪಿ ಓಡಿದ.

ಮಾರನೆಯ ದಿನ ಟ್ಯಾಕ್ಸಿಯವನು ಬಂದ. ದಪ್ಪ ಆಸಾಮಿ, ಬಾಯಿ ತುಂಬ ನಗು. "ಅಕ್ಕ, ಈ ಸಲದ್ದು ಮಂಡಿಗೆ ಬಲು ಹಿತ! ಮೊದ್ಲೆಲ್ಲ ಕುಣಿದು ಬಂದ್ರೆ ಎರಡು ದಿನ ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ. ಇದು ನಮ್ಮ ವಯಸ್ಸಿಗೆ ಹೇಳಿ ಹೊಲಿಸಿದಂಗಿದೆ." ಹೊಗಳಿದನೋ ಬೈದನೋ ಅವಳಿಗೆ ತಿಳಿಯಲಿಲ್ಲ. ಕನ್ನಡಕದಂಗಡಿಯವಳು ಬಂದು, "ಮಧ್ಯಾಹ್ನ ಹಾಕ್ಕೊಂಡು ಹತ್ತು ನಿಮಿಷ ಒರಗಿದ್ರೆ ಎಂಥಾ ನಿದ್ದೆ ಅಂತೀರಿ" ಎಂದಳು. ಇನ್ನೊಬ್ಬ, ಬ್ಯಾಂಡಿನಲ್ಲಿ ಶಾಲೆಯ ಲೆಕ್ಕದ ಮೇಷ್ಟ್ರು ಊದುವ ಟ್ರಾಂಬೋನಿಗೆ, ಅಂದರೆ ಆ ಉದ್ದನೆಯ ಹಿತ್ತಾಳೆ ತುತ್ತೂರಿಗೆ, ನೆಗಡಿಯಾಗಿದೆಯೇ ಎಂದು ವಿಚಾರಿಸಿದ. ಮತ್ತೊಬ್ಬ ಮಾತ್ರ ನೇರವಾಗಿ, "ನೀವೆಲ್ಲ ಸ್ಕಾ ಬಿಟ್ಟು ಪೂರ್ತಿ ರೆಗ್ಗೇಗೆ ಹೋಗಿದ್ದು ಯಾಕೆ? ಹೇಳಿ ಮಾಡ್ಬಹುದಿತ್ತು" ಎಂದು ಮುಖ ಗಂಟಿಕ್ಕಿಕೊಂಡು ಹೋದ. ನಾವೆಲ್ಲಿ ಹೋದೆವು? ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ನನ್ನ ಹಾಡೇ ಅಷ್ಟು ಎಳೆದಾಡಿಕೊಂಡು ಬಂದಿದೆಯೇನೋ, ನನ್ನ ಉಸಿರಿಗೆ ಹೊಂದಿಸಲು ಹುಡುಗರೆಲ್ಲ ನಿಧಾನ ಮಾಡಿದರೇನೋ, ನನಗೆ ತಿಳಿಯದಂತೆ. ಹಾಡುವಾಗ ಬೇಗವೇ ಇತ್ತಲ್ಲ ಎಂದರೆ, ಅದೂ ತನ್ನ ಭ್ರಮೆಯೇ ಇರಬಹುದು ಎಂದುಕೊಂಡಳು.

ಎಲ್ಲಕ್ಕಿಂತ ಮಿಗಿಲಾದ ಪೆಟ್ಟು ಕೊಟ್ಟವನು ಪೋಸ್ಟ್‌ಮ್ಯಾನ್. ಒಳ್ಳೆಯ ಮನುಷ್ಯ, ಬಾಯಿಗೆ ಬೀಗವಿಲ್ಲ ಅಷ್ಟೇ. ಪ್ಯಾಂಟಿನ ಅಂಚಿಗೆ ಪಿನ್ನು ಹಾಕಿಸಿಕೊಳ್ಳುತ್ತ ಮೇಲಿನಿಂದ ಕೇಳಿದ: "ಅಕ್ಕ, ಆ ಬಾಗಿಲ ಹಾಡು ಹಾಡಿರೋರು ಯಾರು? ಹೊಸಬ್ರಾ? ಒಳ್ಳೆ ಗಂಡು ದನಿ."

ನೆಲದ ಮೇಲೆ ಮಂಡಿಯೂರಿದ್ದ ಅಕ್ಕ ಕತ್ತೆತ್ತಿ ನೋಡಿದಳು. ಬಾಗಿಲ ಹಾಡು ಅವಳದೇ. ಕೀಲಿ ಮರೆತ ಹೆಂಗಸೊಬ್ಬಳು ತನ್ನ ಮನೆಯ ಬಾಗಿಲನ್ನೇ ತಟ್ಟುವ ಹಾಡು. ಪದ ಕಟ್ಟಿದ್ದೂ ಅವಳೇ. ಪೋಸ್ಟ್‌ಮ್ಯಾನ್ ಅವಳ ಮುಖ ನೋಡಿದ, ಅವನ ಮುಖ ಸುಣ್ಣ ಬಳಿದ ಹಾಗಾಯಿತು. "ಅಯ್ಯೋ... ಟೋಪಿ ಹೇಳಿದ್ದ, ನಿಮ್ಮ ಮುಂದೆ ಯಾರೂ ಬಾಯಿ ಬಿಡಬಾರ್ದು ಅಂತ... ನಾನು ಹೋಗ್ಬರ್ತೀನಿ" ಎಂದು ಪಿನ್ನು ಚುಚ್ಚಿದ ಪ್ಯಾಂಟಿನಲ್ಲೇ ಬೀದಿಗಿಳಿದ.

ಹಾಗಾದರೆ ವಿಷಯ ಇದು. ಎಲ್ಲರಿಗೂ ಗೊತ್ತು, ಎಲ್ಲರೂ ಮಾತಾಡಿಕೊಂಡಿದ್ದಾರೆ, ಪಾಪ ಎಂದು ಸುಮ್ಮನಿದ್ದಾರೆ. ಅಕ್ಕನಿಗೆ ಅಳು ಬರಲಿಲ್ಲ, ನಾಚಿಕೆ ಬಂತು. ಅಷ್ಟು ಜನರ ಮುಂದೆ ಗಂಡಸಿನ ದನಿಯಲ್ಲಿ ಎಳೆದೆಳೆದು ಹಾಡಿ, ಚೆನ್ನಾಗಿರಬಹುದು ಎಂದು ಆಸೆ ಬೇರೆ ಇಟ್ಟುಕೊಂಡಿದ್ದೆನಲ್ಲ ಎಂದು. ಅಂಗಡಿ ಬಾಗಿಲು ಎಳೆದುಕೊಂಡು ತಮ್ಮನಿಗೆ ಫೋನು ಮಾಡಿದಳು.

"ಶನಿವಾರ ನಾನು ಬರಲ್ಲ ಕಣೋ. ಬೇರೆ ಯಾರನ್ನಾದ್ರೂ ನೋಡ್ಕೊ."

ಆ ಕಡೆಯಿಂದ ತಮ್ಮ ಕೇಳಿದ: "ಯಾರು ಏನಂದ್ರು?"

"ಎಲ್ರೂ ಅಂದ್ರು. ಒಬ್ಬೊಬ್ರು ಒಂದೊಂದು ಥರ. ಕೂಡಿಸಿದ್ರೆ ಒಂದೇ."

"ನಂಗೆ ಎಲ್ರೂ 'ಬದಲಾವಣೆ ಒಳ್ಳೇದೇ' ಅಂದ್ರಲ್ಲಕ್ಕ. ಹೊಗಳ್ತಿದಾರೆ ಅನ್ಕೊಂಡೆ."

"ನಿನ್ನ ಬುದ್ಧಿಗೆ ಅದು ಹೊಗಳಿಕೆ. ಇಡು ಫೋನು."

ಇಷ್ಟಾದರೂ ಕಸುಬು ಬಿಡುತ್ತದೆಯೇ? ಮಾಡಿದ ಕೋಟನ್ನು ಗಿರಾಕಿಯ ಮೈಮೇಲೆ ಹಾಕಿ ನೋಡದೆ ಅಕ್ಕ ಯಾರಿಗೂ ಕೊಟ್ಟವಳಲ್ಲ. ಶುಕ್ರವಾರ ಬಂದರೂ ಟೋಪಿಯ ಕೋಟು ಸಲಾಕೆಯ ಮೇಲೇ ಇತ್ತು. ಅವನು ಬರಲಿಲ್ಲ, ಮಂಡಿ ನೋವಂತೆ ಎಂದು ಸುದ್ದಿ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮುಖ ತೋರಿಸಲಾರದವನು ಮಂಡಿ ನೋವು ಅನ್ನಬಾರದೇ? ಅಕ್ಕ ಕೋಟನ್ನು ಚೀಲಕ್ಕೆ ಹಾಕಿ, ಅದರ ಮೇಲೆ ಪಿನ್ನಿನ ಡಬ್ಬಿಯನ್ನೂ ಟೇಪನ್ನೂ ತುರುಕಿ, ತಾನೇ ಹೊರಟಳು. ಕೋಟು ಒಂದು ನೆಪ. ಮೊದಲ ದಿನದಿಂದ ಕೇಳಿದವನು ಅವನು. ಇನ್ನು ಹಾಡುವುದಿಲ್ಲ ಎಂಬುದನ್ನು ಅವನು ತನ್ನ ಬಾಯಿಂದಲೇ ಕೇಳಲಿ ಎಂದು ಅವಳ ಮನಸ್ಸು.

ಟೋಪಿಯ ಮನೆ ಡಿಪೋದ ಆಚೆ, ಎರಡನೆಯ ಮಹಡಿ. ಮೆಟ್ಟಿಲು ಹತ್ತುವಾಗಲೇ ಸಂಗೀತ ಕೇಳಿಸಿತು. ದಪ್ಪ ಬೇಸು, ಅದರ ಮೇಲೆ ಗಿಟಾರಿನ ಚಕ್ಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಆಕಳಿಕೆಯಷ್ಟು ಅಂತರ. ಟ್ರಾಂಬೋನು ಕೆರೆಗಿಳಿದ ಎಮ್ಮೆಯ ಹಾಗೆ ಕೂಗುತ್ತಿತ್ತು. ಆಮೇಲೆ ದನಿ ಬಂತು. ದಪ್ಪ, ಭಾರ, ಒಂದೊಂದು ಅಕ್ಷರವನ್ನೂ ನೆಲದ ಮೇಲೆ ಎಳೆದುಕೊಂಡು ಹೋಗುವಂಥದು. "ಬಾಗಿಲು... ತೆಗೆಯೋ... ನಾನೇ... ಬಂದಿರೋದು..."

ಅಕ್ಕ ಮೆಟ್ಟಿಲ ಮೇಲೆ ಪಕ್ಕದ ಕಂಬಿ ಹಿಡಿದುಕೊಂಡು ನಿಂತಳು. ಅವಳದೇ ಪದ, ಅವಳದೇ ಹಾಡು. ಇದೇ ನನ್ನ ದನಿ ಎಂದುಕೊಂಡಳು. ಗಂಟಲೊಳಗಿಂದ ತನಗೆ ಕೇಳಿಸುತ್ತಿದ್ದುದು ಒಂದು, ಜನರಿಗೆ ಕೇಳಿಸಿದ್ದು ಇದು. ಪಾಪ, ಪೋಸ್ಟ್‌ಮ್ಯಾನ್‌ದೇನು ತಪ್ಪು? ವಾಪಸ್ಸು ಇಳಿದು ಹೋಗಿಬಿಡೋಣ ಎಂದು ತಿರುಗುವಷ್ಟರಲ್ಲಿ ಟೋಪಿಯ ಹೆಂಡತಿ ಬಾಗಿಲು ತೆರೆದಳು. ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುವವಳು, ಕೆಲಸ ಮುಗಿಸಿ ಬಂದು ಇನ್ನೂ ಬಟ್ಟೆ ಬದಲಿಸಿರಲಿಲ್ಲ, ಮೊಣಕೈಯಲ್ಲಿ ಹಿಟ್ಟು. ಅಕ್ಕನನ್ನು ಕಂಡು ಗಾಬರಿಯಾಗಿ, "ರೀ! ಆರಿಸ್ರೀ ಅದನ್ನ!" ಎಂದು ಒಳಗೆ ಕೂಗಿದಳು.

"ಬೇಡ, ಇರ್ಲಿ," ಎಂದಳು ಅಕ್ಕ. "ಮುಗೀಲಿ."

ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು. ಟೋಪಿ ಗೋಡೆಗಂಟಿ ನಿಂತಿದ್ದ, ಎರಡು ಮಂಡಿಯೂ ಸರಿಯಾಗೇ ಇದ್ದವು. ಹಾಡು ತೆವಳುತ್ತ ತೆವಳುತ್ತ ಕಡೆಯ ಸಾಲಿಗೆ ಬಂತು. ಆ ಸಾಲು ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಅದರ ಕೊನೆಗೆ 'ತೆಗೆಯೋ' ಎಂದು ಎಳೆಯಬೇಕು. ಸ್ಟುಡಿಯೋದಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಉಸಿರು ಸಾಲದೆ, ಕಡೆಗೆ ಮೇಷ್ಟ್ರನ್ನು ಕೈಮುಗಿದು ಕೇಳಿಕೊಂಡಿದ್ದಳು: "ನಾನು ಬಿಟ್ಟ ಕೂಡ್ಲೆ ನೀವು ಊದಿ ಮುಚ್ಚಿಬಿಡಿ ಮೇಷ್ಟ್ರೇ, ನಂದು ಇಷ್ಟೇ ಬರೋದು." ಅಷ್ಟು ಗಿಡ್ಡ ಅದು.

ಈಗ ಆ 'ತೆಗೆಯೋ' ಶುರುವಾಯಿತು. ಹೋಯಿತು. ಇನ್ನೂ ಹೋಯಿತು. ಅಕ್ಕ ತಾನೂ ಅದರ ಜೊತೆ ಉಸಿರು ಹಿಡಿದಿದ್ದಳು, ಅಭ್ಯಾಸಬಲ. ಅವಳ ಎದೆ ಬಿಗಿಯಿತು, ಕಿವಿ ಗುಂಯ್ ಅಂದಿತು, ಕಡೆಗೆ ತಡೆಯಲಾರದೆ ಬುಸ್ಸೆಂದು ಉಸಿರು ಬಿಟ್ಟಳು. ರೆಕಾರ್ಡಿನೊಳಗಿನವಳು ಮಾತ್ರ ಇನ್ನೂ ಎಳೆಯುತ್ತಲೇ ಇದ್ದಳು.

"ಇದು ನಾನಲ್ಲ!" ಎಂದು ಅಕ್ಕ ಎದ್ದು ನಿಂತಳು.

ಟೋಪಿ ಅವಳನ್ನು ಅಯ್ಯೋ ಪಾಪ ಎಂಬಂತೆ ನೋಡಿದ. "ಅಕ್ಕ, ಕೂತ್ಕೊಳ್ಳಿ. ಆಪರೇಷನ್ ಆದ್ಮೇಲೆ ದನಿ ಬದಲಾಗೋದು ಸಹಜ. ನಾವ್ಯಾರೂ..."

"ದನಿ ಬದಲಾಗುತ್ತೆ ಕಣೋ, ಉಸಿರು ಉದ್ದ ಆಗುತ್ತಾ? ಇಷ್ಟುದ್ದ ಎಳೆದಿದ್ರೆ ನಾನು ಅಲ್ಲೇ ಸ್ಟುಡಿಯೋದಲ್ಲೇ ನೆಗೆದು ಬಿದ್ದಿರ್ತಿದ್ದೆ! ನಂಗೆ ಇದರ ಅರ್ಧ ಬಂದ್ರೆ ಹೆಚ್ಚು." ಅವಳು ರೆಕಾರ್ಡು ತಿರುಗುತ್ತಿದ್ದ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ತಟ್ಟೆ ಸೋಮಾರಿಯಾಗಿ ಸುತ್ತುತ್ತಿತ್ತು. ಸ್ಟುಡಿಯೋದಲ್ಲಿ ಮೇಷ್ಟ್ರು ತಮ್ಮನ ಜೊತೆ ವಾದಕ್ಕೆ ಬಿದ್ದಿದ್ದು ಅವಳ ಜ್ಞಾಪಕಕ್ಕೆ ಬಂತು: ದೊಡ್ಡ ರೆಕಾರ್ಡಾದರೇನು, ಚಿಕ್ಕದರ ಹಾಗೆ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗಕ್ಕೇ ಕೊರೆಸೋಣ, ಬೇಸು ಚೆನ್ನಾಗಿ ಬರುತ್ತೆ ಎಂದು ಅವರು ಹಟ ಹಿಡಿದು ಗೆದ್ದಿದ್ದರು. "ಇದನ್ನ ಎಷ್ಟರಲ್ಲಿ ಇಟ್ಟಿದೀಯ?"

"ಮೂವತ್ತಮೂರರಲ್ಲಿ. ದೊಡ್ಡ ರೆಕಾರ್ಡಲ್ವಾ ಅಕ್ಕ? ದೊಡ್ಡದಕ್ಕೆ ಮೂವತ್ತಮೂರು, ಚಿಕ್ಕದಕ್ಕೆ ನಲವತ್ತೈದು. ಹುಟ್ಟಿದಾಗ್ನಿಂದ ಹಂಗೇ."

"ಗುಂಡಿ ತಿರುಗಿಸು."

"ಅಕ್ಕ..."

"ತಿರುಗ್ಸೋ!"

ಟೋಪಿ ಗುಂಡಿ ತಿರುಗಿಸಿ, ಮುಳ್ಳನ್ನು ಹಾಡಿನ ಮೊದಲಿಗಿಟ್ಟ. ಚಕ್ ಚಕ್ ಚಕ್ ಚಕ್ ಎಂದು ಗಿಟಾರು ಹಾರಿ ಬಂತು. ಡ್ರಮ್ಮು ಅದರ ಹಿಂದೆ ಓಡಿ ಬಂತು. ಎಮ್ಮೆ ಹೋಗಿ ಟ್ರಾಂಬೋನು ಬಂತು. ಆಮೇಲೆ "ಬಾಗಿಲು ತೆಗೆಯೋ, ನಾನೇ ಬಂದಿರೋದು!" ಎಂದು ಒಬ್ಬ ಹೆಂಗಸು ಕೋಣೆಯ ನಡುವೆ ನಿಂತು ಕರೆದಳು. ತೀಕ್ಷ್ಣ ದನಿ, ತುದಿಯಲ್ಲಿ ಒಂಚೂರು ಗರಗರ. ಮೊದಲು ಆ ಗರಗರ ಇರಲಿಲ್ಲ, ಅದು ಆಸ್ಪತ್ರೆಯಿಂದ ಬಂದದ್ದು. ಇರಲಿ. ಜಗಳಕ್ಕೆ ನಿಂತವಳ ದನಿಯಲ್ಲಿ ಅಷ್ಟು ಗರಗರ ಇದ್ದರೆ ಬಾಗಿಲು ಬೇಗ ತೆಗೆದಾರು. ಕಡೆಯ ಸಾಲು ಬಂತು. ಗಿಡ್ಡ ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಊದಿ ಮುಚ್ಚಿದರು. ಮಂಡಿ ನೋವಿನ ಟೋಪಿ ತನಗೇ ಗೊತ್ತಿಲ್ಲದೆ ಕುಣಿಯುತ್ತಿದ್ದ.

ಅಕ್ಕ ಧೊಪ್ಪನೆ ಕೂತಳು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟಂತಾಯಿತು. ದನಿ ಹೋಗಿರಲಿಲ್ಲ. ಅಷ್ಟೇ ಅವಳಿಗೆ ಬೇಕಾಗಿದ್ದುದು, ಬೇರೆ ಏನೂ ಬೇಡವಾಗಿತ್ತು. ನಗು ಬಂತು, ಜೊತೆಗೇ ಅಳುವೂ ಬಂತು, ಸೆರಗಿಗೆ ಕೈಹಾಕಿದರೆ ಸಿಕ್ಕಿದ್ದು ಚೀಲದಿಂದ ಇಣುಕಿದ್ದ ಟೋಪಿಯ ಕೋಟು. ಅದರಲ್ಲೇ ಮುಖ ಒರೆಸಿಕೊಂಡಳು.

"ಥೂ ನಿಮ್ಮ! ಒಬ್ಬನಾದ್ರೂ ಬಾಯಿ ಬಿಟ್ಟು 'ಅಕ್ಕ, ದನಿ ಕೆಟ್ಟಿದೆ' ಅಂದಿದ್ರೆ ನಾನು ಅವತ್ತೇ ಹೋಗಿ ಕೇಳ್ತಿದ್ನಲ್ರೋ! ಗಂಭೀರವಂತೆ, ಪ್ರಬುದ್ಧವಂತೆ!"

"ನೋವಾಗ್ಬಾರ್ದು ಅಂತ ನಾನೇ ಎಲ್ರಿಗೂ ಹೇಳಿದ್ದೆ ಅಕ್ಕ," ಟೋಪಿ ಮೊದಲ ಸಲ ತಲೆಯ ಮೇಲಿನದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ನೆತ್ತಿ ಬೋಳಾಗಿತ್ತು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನಾವು. ಒಬ್ಬನಿಗೂ ಗುಂಡಿ ಮುಟ್ಬೇಕು ಅನ್ನಿಸ್ಲಿಲ್ವಲ್ಲ!" ಎಂದು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ. ಅಲ್ಲಿಂದ ಅವನ ಕೂಗು ಕೇಳಿಸುತ್ತಲೇ ಇತ್ತು. "ನಲವತ್ತೈದು ಕಣೋ... ಹೌದೋ, ದೊಡ್ಡದೇ, ಆದ್ರೂ ನಲವತ್ತೈದು... ಮೊದ್ಲು ತಿರುಗ್ಸು, ಆಮೇಲೆ ಮಾತಾಡು... ಕೇಳಿಸ್ತಾ? ಹೂಂ, ನಮ್ಮಕ್ಕನೇ!" ಟ್ಯಾಕ್ಸಿಯವನು ಮಾತ್ರ, ಹಾಗಾದರೆ ನನ್ನ ಮಂಡಿಯ ಗತಿಯೇನು ಎಂದು ಕೇಳಿದನಂತೆ.

ಅಕ್ಕ ತಮ್ಮನಿಗೆ ಫೋನು ಮಾಡಿದಳು. "ಊರಿನ ಬೋರ್ಡೆಲ್ಲ ಬರೆಯೋನೇ, ರೆಕಾರ್ಡಿನ ನಡುವೆ ಅಂಟಿಸೋ ಚೀಟಿ ಬರೆದೋನು ನೀನೇ ತಾನೆ? ವೇಗ ಎಲ್ಲಿ ಬರೆದಿದ್ದೀಯ?"

"ಬರೀಲಿಲ್ಲ. ಚಿತ್ರದ ಮೇಲೆ ಅಂಕಿ ಚೆನ್ನಾಗಿ ಕೂರ್ಲಿಲ್ಲ. ಮತ್ತೆ ನಮ್ಮದೆಲ್ಲ ಯಾವಾಗ್ಲೂ ನಲವತ್ತೈದೇ ಅಲ್ವಾ, ಯಾರಿಗೆ ಗೊತ್ತಿಲ್ಲ?" ಎಂದ ತಮ್ಮ. ಅಕ್ಕ ವಿವರಿಸಿದಳು. ಆ ಕಡೆಯಿಂದ ಏನೋ ಕೆಳಗೆ ಬಿದ್ದ ಸದ್ದು, ಬಣ್ಣದ ಡಬ್ಬಿ ಇರಬೇಕು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ನಾಳೆ?" ಎಂದ.

"ಬರ್ತೀನಿ. ಇನ್ನೊಬ್ಬಳನ್ನ ಹುಡುಕಿದ್ರೆ ಅವಳಿಗೆ ಬೇಡ ಅಂತ ಹೇಳು."

"ಹುಡುಕೋದಾ? ಯಾರಿಗೂ ಹೇಳೇ ಇರ್ಲಿಲ್ಲ ನಾನು. ನೀನು ಬರ್ದಿದ್ರೆ ಹಾಲಿನ ಬಾಗಿಲಿಗೆ ಒಂದು ಬೋರ್ಡು ಬರೆದು ನೇತುಹಾಕೋಣ ಅಂತಿದ್ದೆ."

"ಅದರಲ್ಲೂ ಏನಾದ್ರೂ ಬಿಟ್ಟಿರ್ತಿದ್ದೆ," ಎಂದು ಅಕ್ಕ ಫೋನಿಟ್ಟಳು.

ಬಾಲ್ಕನಿಯಿಂದ ಟೋಪಿಯನ್ನು ಎಳೆದು ತಂದು ಕೋಟು ತೊಡಿಸಿ, ಭುಜ ನೋಡಿ, ಬೆನ್ನ ಹತ್ತಿರ ಒಂದು ಪಿನ್ನು ಚುಚ್ಚಿ, "ಬೆಳಿಗ್ಗೆ ಬಂದು ತಗೊಂಡ್ಹೋಗು" ಎಂದಳು. ಟೋಪಿಯ ಹೆಂಡತಿ ಟೀ ತಂದಳು. ಗುಂಡಿ ತಿರುಗಿದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಅಕ್ಕ ಲೋಟ ಹಿಡಿದುಕೊಂಡು ಅವಳನ್ನೇ ನೋಡಿದಳು. ಈ ಹೆಂಗಸಿಗೆ ಸುಳ್ಳು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸೊಂಟದ ಅಳತೆ ಕೊಡುವಾಗ ಹೊಟ್ಟೆ ಎಳೆದುಕೊಳ್ಳದೆ ನಿಲ್ಲುವ ಒಬ್ಬಳೇ ಗಿರಾಕಿ ಅವಳು.

"ಒಂದು ಮಾತು ಕೇಳ್ಲಾ? ನಿಮಗೆ ಆ ದಪ್ಪ ದನಿ ಇಷ್ಟ ಆಗಿತ್ತಾ?"

"ಇಲ್ಲ," ಎಂದಳು ಅವಳು. "ಚೂರೂ ಇಲ್ಲ. ಮೊದಲ ಸಲ ಕೇಳ್ದಾಗ ಒಳಗೆ ಹೋಗಿ ಅತ್ತೆ."

"ಮತ್ತೆ ಇವತ್ತು ಹಾಕ್ಕೊಂಡಿದ್ರಿ?"

"ಇವತ್ತಲ್ಲ, ದಿನಾ ಹಾಕ್ತಿದ್ದೆ. ಪಾಳಿ ಮುಗಿಸಿ ಬಂದ ಕೂಡ್ಲೆ."

"ಯಾಕ್ರೀ?"

ಅವಳು ಮೊಣಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತ ಹೇಳಿದಳು. "ಅಭ್ಯಾಸ ಆಗ್ಲಿ ಅಂತ. ಶನಿವಾರ ನಾನು ಯಾವಾಗ್ಲೂ ಮುಂದೇನೇ ನಿಲ್ಲೋದು, ನಿಮಗೆ ಗೊತ್ತಲ್ಲ. ನೀವು ಬಾಯಿ ಬಿಟ್ಟಾಗ ನನ್ನ ಮುಖದಲ್ಲಿ ಏನಾದ್ರೂ ಕಂಡ್ಬಿಟ್ರೆ ನಿಮಗೆ ಹೆಂಗಾಗುತ್ತೆ? ಅದಕ್ಕೆ ಕೇಳಿ ಕೇಳಿ ಅಭ್ಯಾಸ ಮಾಡ್ಕೋತಿದ್ದೆ. ನಿನ್ನೆ ಮೊನ್ನೆಯಿಂದ ಪರವಾಗಿಲ್ಲ, ನಗ್ತಾ ಕೇಳೋಕೆ ಬರ್ತಿತ್ತು."

ಅಕ್ಕ ಟೀ ಲೋಟವನ್ನು ಕೆಳಗಿಟ್ಟಳು. ಹೊರಡಲೆಂದು ಹೆಗಲಿಗೇರಿಸಿದ್ದ ಚೀಲವನ್ನು ಮತ್ತೆ ಇಳಿಸಿ, ಕುರ್ಚಿಯಲ್ಲಿ ಹಿಂದಕ್ಕೊರಗಿ ಸರಿಯಾಗಿ ಕೂತಳು.

"ರೆಕಾರ್ಡಿನ ಆ ಕಡೇದೂ ಹಾಕಿ," ಎಂದಳು. "ನೀವೂ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಇಬ್ರೂ ಕೇಳೋಣ."